ಹೀಟ್ ಟೂಲ್‌ಕಿಟ್: ಎಲ್ಲಾ ಚೆನ್ನಾಗಿದೆ, ಪ್ರದೇಶವಾರು ಡೇಟಾ ತೆರೆಯುವವರೆಗೆ

ಪೂರ್ತಿ ಉಚಿತ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆಯ ಹೆಲ್ತ್ ಈಕ್ವಿಟಿ ಅಸೆಸ್‌ಮೆಂಟ್ ಟೂಲ್‌ಕಿಟ್, ಎಲ್ಲರೂ ಕರೆಯೋದು ಹೀಟ್ ಅಂತ, ಜನರ ಗುಂಪುಗಳ ನಡುವಿನ ಆರೋಗ್ಯ ಅಸಮಾನತೆ ಅಳೆಯುವ ಟೂಲ್, 2016ರಿಂದ ಇದೆ. ಬ್ರೌಸರ್‌ನಲ್ಲೇ ಓಡುತ್ತದೆ. ದೇಶ ಆರಿಸಿ, ಸೂಚಕ (ಅಂದರೆ ಯಾವ ಆರೋಗ್ಯ ವಿಷಯದ ಅಂಕಿ ಬೇಕು ಅನ್ನೋದು) ಆರಿಸಿ, ಬಡವ-ಶ್ರೀಮಂತ, ಹಳ್ಳಿ-ಪಟ್ಟಣ, ಓದು, ಪ್ರದೇಶ, ಹೀಗೆ ಯಾವ ಲೆಕ್ಕದಲ್ಲಿ ಒಡೆದು ನೋಡಬೇಕೋ ಹೇಳಿದರೆ ಗ್ರಾಫ್ ಬಂದುಬಿಡುತ್ತದೆ. ಡೇಟಾಗೂ ಬರ ಇಲ್ಲ. ಅದೇ ಸಂಸ್ಥೆಯ ಆರೋಗ್ಯ ಅಸಮಾನತೆ ಡೇಟಾ ಭಂಡಾರ 2023ರಲ್ಲಿ ಶುರುವಾದಾಗಲೇ ಅದರಲ್ಲಿ ಹತ್ತಿರಹತ್ತಿರ 1.1 ಕೋಟಿ ಅಂಕಿಗಳಿದ್ದವು. ಎಕ್ಸೆಲ್ ಫೈಲ್ ಆಗಿ ಇಳಿಸಿಕೊಳ್ಳಬಹುದು.

ತಲೆನೋವು ಶುರುವಾಗೋದು ಪ್ರದೇಶ ಅನ್ನೋ ಆಯ್ಕೆ ಒತ್ತಿದಾಗ.

ಬಡವ-ಶ್ರೀಮಂತ ಲೆಕ್ಕದಲ್ಲಿ ಸಾಮಾನ್ಯವಾಗಿ ಎಲ್ಲ ದೇಶಕ್ಕೂ ಐದು ಗುಂಪು. ಪ್ರದೇಶ ಹಾಗಲ್ಲ. ಒಂದು ದೇಶದಲ್ಲಿ ನಾಲ್ಕು ಭಾಗ ಇರುತ್ತದೆ, ಇನ್ನೊಂದರಲ್ಲಿ ನಲವತ್ತು. ಭಾಗ ಜಾಸ್ತಿ ಆದಷ್ಟೂ ಎಲ್ಲಕ್ಕಿಂತ ಮೇಲಿರುವ ಪ್ರದೇಶಕ್ಕೂ ಕೆಳಗಿರುವುದಕ್ಕೂ ಇರುವ ಅಂತರ ತಾನಾಗೇ ಹಿಗ್ಗುತ್ತದೆ, ಜನರ ಆರೋಗ್ಯ ಒಂಚೂರೂ ಬದಲಾಗದಿದ್ದರೂ. ಕೀನ್ಯಾ ನೋಡಿ. 2008-09ರ ಡಿಎಚ್ಎಸ್‌ನಲ್ಲಿ (ಡೆಮೊಗ್ರಾಫಿಕ್ ಅಂಡ್ ಹೆಲ್ತ್ ಸರ್ವೆ, ಹಲವು ದೇಶಗಳಲ್ಲಿ ಮನೆಮನೆಗೆ ಹೋಗಿ ಮಾಡುವ ಜನಸಂಖ್ಯೆ-ಆರೋಗ್ಯ ಸಮೀಕ್ಷೆ) 8 ಪ್ರಾಂತ್ಯಗಳಿದ್ದವು. 2010ರ ಹೊಸ ಸಂವಿಧಾನದಿಂದ 47 ಕೌಂಟಿಗಳಾದವು, 2014ರ ಸಮೀಕ್ಷೆ ಮೊದಲ ಸಲ ಕೌಂಟಿ ಮಟ್ಟದ ಅಂಕಿ ಕೊಟ್ಟಿತು. ಎರಡನ್ನೂ ಪಕ್ಕಪಕ್ಕ ಇಟ್ಟು ‘ಪ್ರದೇಶಗಳ ನಡುವಿನ ಅಸಮಾನತೆ ಏರಿದೆ’ ಅಂತ ಸ್ಲೈಡ್ ಮಾಡೋದು ಬಹಳ ಸುಲಭ, ಆದರೆ ಅದು ಸುಳ್ಳಾಗಬಹುದು ಅಲ್ವಾ? ಇನ್ನೊಂದು ವಿಷಯ. ಆ 47ಕ್ಕೆ ಸಾಲುವಷ್ಟು ಸ್ಯಾಂಪಲ್ ಬೇಕು ಅಂತ ಮನೆಗಳ ಸಂಖ್ಯೆಯನ್ನು ಸುಮಾರು 10,000ದಿಂದ 40,300ಕ್ಕೆ ಏರಿಸಿದರು. ಅಷ್ಟು ಮಾಡಿಯೂ ಮಹಿಳೆಯರ ಉದ್ದನೆಯ ಪ್ರಶ್ನಾವಳಿ ಕೇಳಿದ್ದು ಅರ್ಧ ಮನೆಗಳಲ್ಲಿ ಮಾತ್ರ, ಹಾಗಾಗಿ ಎಷ್ಟೋ ವಿಷಯಗಳಿಗೆ ಹಳೇ ಪ್ರಾಂತ್ಯಗಳ ಮಟ್ಟದಲ್ಲೇ ನಿಲ್ಲಬೇಕು. ಜಿಲ್ಲೆ, ತಾಲ್ಲೂಕು ಮಟ್ಟದ ಅಂಕಿ ಯಾಕೆ ಸಿಗಲ್ಲ ಅಂತ ಕೇಳುವವರು ಈ ಖರ್ಚನ್ನೂ ಲೆಕ್ಕ ಹಾಕಿ.

ಗ್ರಾಫ್ ಚೆಂದ ಇರೋದೂ ಒಂದು ಸಮಸ್ಯೆಯೇ. ಡಿಎಚ್ಎಸ್‌ನ ಮೂಲ ವರದಿ ತೆರೆದರೆ, 25ರಿಂದ 49 ಜನರ ಮೇಲೆ ನಿಂತ ಅಂಕಿಗೆ ಬ್ರಾಕೆಟ್ ಹಾಕಿರುತ್ತಾರೆ. 25ಕ್ಕಿಂತ ಕಡಿಮೆ ಇದ್ದರೆ ಅಂಕಿಯೇ ಇರಲ್ಲ, ಬರೀ ಒಂದು ನಕ್ಷತ್ರ. ಆ ಪುಟ ನೋಡಿದವರಿಗೆ ಹುಷಾರಾಗಿರಬೇಕು ಅಂತ ಗೊತ್ತಾಗುತ್ತದೆ, ಹೀಟ್‌ನಲ್ಲಿ ಸಾಲಾಗಿ ಇಟ್ಟ ಬಣ್ಣದ ಚುಕ್ಕಿ ನೋಡಿದವರಿಗೆ ಗೊತ್ತಾಗಲ್ಲ. ಟೇಬಲ್ ತೆರೆದು ಕಾನ್ಫಿಡೆನ್ಸ್ ಇಂಟರ್ವಲ್ (ನಿಜವಾದ ಅಂಕಿ ಎಲ್ಲಿಂದ ಎಲ್ಲಿಯವರೆಗೆ ಇರಬಹುದು ಅನ್ನೋ ಅಂದಾಜು) ನೋಡದೆ ಪ್ರದೇಶದ ಗ್ರಾಫನ್ನು ಯಾರಿಗೂ ಕಳಿಸಬೇಡಿ. ಮಕ್ಕಳ ಸಾವಿನ ದರದಲ್ಲಂತೂ ಇನ್ನೂ ಒಂದು ತಿರುವಿದೆ: ಡಿಎಚ್ಎಸ್ ವರದಿಗಳಲ್ಲಿ ಇಡೀ ದೇಶದ ದರ ಸಾಮಾನ್ಯವಾಗಿ ಹಿಂದಿನ 5 ವರ್ಷದ್ದು, ಪ್ರದೇಶಗಳದ್ದು ಹಿಂದಿನ 10 ವರ್ಷದ್ದು. ಸ್ಯಾಂಪಲ್ ಸಾಲದು ಅಂತ ಅವಧಿ ಉದ್ದ ಮಾಡುತ್ತಾರೆ. ಅಂದರೆ ಈಚೆಗೆ ಸುಧಾರಿಸಿದ ಪ್ರದೇಶ ಕಾಗದದ ಮೇಲೆ ಇನ್ನೂ ಹಿಂದೇ ಇರುತ್ತದೆ.

ನಮ್ಮದೇ ಡೇಟಾ ಹಾಕೋಕೆ ಹೀಟ್ ಪ್ಲಸ್ ಇದೆ. ನನಗೆ ಇಷ್ಟವಾದದ್ದು ಇದೇ. ಟೆಂಪ್ಲೇಟ್ ಮಾತ್ರ ಕಟ್ಟುನಿಟ್ಟು, ಕಾಲಂ ಹೆಸರು ಅವರು ಹೇಳಿದ ಹಾಗೇ ಇರಬೇಕು. ಗುಂಪುಗಳಿಗೆ ಸಹಜವಾದ ಕ್ರಮ ಇದೆಯಾ ಅಂತ ಕೇಳುವ ಕಾಲಂನಲ್ಲಿ ಆದಾಯಕ್ಕೆ 1, ಪ್ರದೇಶಕ್ಕೆ 0 ಹಾಕಿ. ಪ್ರದೇಶಗಳಲ್ಲಿ ಮೊದಲನೆಯದು ಕೊನೆಯದು ಅಂತ ಇಲ್ಲವಲ್ಲ, ಗುಂಪುಗಳನ್ನು ಕೆಳಗಿನಿಂದ ಮೇಲಕ್ಕೆ ಕ್ರಮವಾಗಿ ಇಟ್ಟು ಅಂತರ ಅಳೆಯುವ ಸ್ಲೋಪ್ ಇಂಡೆಕ್ಸ್ ಅಲ್ಲಿ ಕೆಲಸಕ್ಕೆ ಬರಲ್ಲ. ಅದರ ಬದಲು ಜನಸಂಖ್ಯೆಯ ತೂಕ ಸೇರಿಸಿದ, ಅಂದರೆ ಜನ ಜಾಸ್ತಿ ಇರುವ ಪ್ರದೇಶಕ್ಕೆ ಜಾಸ್ತಿ ಬೆಲೆ ಕೊಡುವ, ಅಳತೆಗಳನ್ನು ನೋಡಿ, ಥೀಲ್ ಇಂಡೆಕ್ಸ್ ಥರದ್ದು. ಸುಮ್ನೆ ದೊಡ್ಡದರಲ್ಲಿ ಚಿಕ್ಕದನ್ನು ಕಳೆಯೋದಕ್ಕಿಂತ ಎಷ್ಟೋ ವಾಸಿ, ಸಣ್ಣ ಪ್ರದೇಶ ಒಂದೇ ಇಡೀ ಉತ್ತರವನ್ನು ಎಳೆದುಕೊಂಡು ಹೋಗಲ್ಲ.

ಈಗಿನ ಚಿಂತೆ ಬೇರೆ. ಇಂಥ ಟೂಲ್‌ಗಳಿಗೆ ಬರುವ ಅಂಕಿಗಳಲ್ಲಿ ದೊಡ್ಡ ಪಾಲು 1984ರಲ್ಲಿ ಶುರುವಾದ ಡಿಎಚ್ಎಸ್‌ದು, ಅದು ನಡೆಯುತ್ತಿದ್ದದ್ದು ಮುಖ್ಯವಾಗಿ ಅಮೆರಿಕ ಸರ್ಕಾರದ ಹಣದಲ್ಲಿ. 2025ರ ಶುರುವಿನಲ್ಲಿ ಆ ಹಣ ನಿಂತಿತು. ಮೊದಲೇ ಐದು ವರ್ಷಕ್ಕೊಮ್ಮೆ ಬರುತ್ತಿದ್ದ ಸಮೀಕ್ಷೆ. ಹಾಗಾಗಿ ಗ್ರಾಫ್‌ನ ಕೊನೆಯ ವರ್ಷ ಯಾವುದು ಅಂತ ಮೊದಲು ನೋಡಿಕೊಂಡೇ ಮುಂದುವರಿಯಿರಿ.

ಸ್ಟಾರ್ ಕೇಳಿದರೆ, ಆದಾಯ ಮತ್ತು ಓದಿನ ಲೆಕ್ಕಕ್ಕೆ ನಾಲ್ಕೂವರೆ, ಪ್ರದೇಶಕ್ಕೆ ಮೂರು. ಗಡಿ ಬದಲಾದ ವರ್ಷದ ಪಕ್ಕದಲ್ಲೇ ದಪ್ಪ ಅಕ್ಷರದಲ್ಲಿ ಒಂದು ಎಚ್ಚರಿಕೆ ಹಾಕಿದರೆ ಇನ್ನೊಂದು ಸೇರಿಸುತ್ತೇನೆ.