ಟೊಂಕದ ಬ್ಯಾನಿಗೆ ಟೆನ್ಸ್ ಮಷೀನ್, ತಗೋಬಹುದು ಆದ್ರ…

ಗುಳೇದಗುಡ್ಡದಾಗ ಕೈಮಗ್ಗದ ಮುಂದ ಕುಂತು ಖಣ ನೇಯೋರಿಗೆ ಟೊಂಕದ ಬ್ಯಾನಿ ಹೊಸದೇನಲ್ಲ ಬಿಡ್ರಿ, ನಮ್ಮಪ್ಪಂದೂ ಅದ ಗೋಳು, ಅದಕ್ಕ ಬಾಗಲಕೋಟಿಗೆ ಹೋದಾಗ ಟೆನ್ಸ್ ಮಷೀನ್ ತಂದ್ವಿ. ಮೊಬೈಲ್‌ನಷ್ಟು ಡಬ್ಬಿ, ಎರಡು ವೈರು, ನಾಕು ಅಂಟೋ ಪ್ಯಾಡು, ಇಷ್ಟ. ಚರ್ಮದ ಮ್ಯಾಲಿಂದ ಸಣ್ಣ ಕರೆಂಟು ನರಕ್ಕ ಹೋಗತೈತಿ, ಆ ಚುಮುಚುಮು ಇರೋತನಕ ಬ್ಯಾನಿ ಸುದ್ದಿ ಮಿದುಳಿಗೆ ಪೂರಾ ಮುಟ್ಟಂಗಿಲ್ಲ ಅಂತ ಲೆಕ್ಕ, 1965ರಾಗ ಮೆಲ್ಝಾಕ್ ಮತ್ತ ವಾಲ್ ಅನ್ನೋ ಇಬ್ಬರು ವಿಜ್ಞಾನಿಗಳು ಹೇಳಿದ ಗೇಟ್ ಕಂಟ್ರೋಲ್ ಥಿಯರಿನ ಇದರ ಬುಡ. ಅಪ್ಪ ಮೊದಲ "ಇರಿವಿ ಹರದಂಗ ಆಗತೈತೋ, ತಗಿ ಇದನ್ನ" ಅಂದ, ಈಗ ತಾನ ಬಟನ್ ಒತ್ತಿ ಜೋರ್ ಮಾಡ್ಕೋತಾನ!

ಆರಾಮ ಅನಸತೈತಿ ಖರೆ, ಆದ್ರ ಬಂದ್ ಮಾಡಿ ಸ್ವಲ್ಪ ಹೊತ್ತಿಗೆ ಬ್ಯಾನಿ ಮತ್ತ ಹಾಜರ್. ಡಿಸ್ಕ್ ಜರಗಿದ್ರ ಇದೇನ್ ರಿಪೇರಿ ಮಾಡಂಗಿಲ್ಲ. ದೊಡ್ಡ ತಲಿಬ್ಯಾನಿ ಪ್ಯಾಡಿಂದು, ಬ್ಯಾಸಗಿ ಬೆವರಿಗೆ ಅಂಚು ಎದ್ದು ಬಿಡತಾವ, ಆಗ ಕರೆಂಟು ಒಂದ ಕಡೆ ಚುರ್ ಅಂತೈತಿ, ಎಣ್ಣಿ ತಿಕ್ಕಿದ ಮೈಗಂತೂ ಹಿಡಿಯಂಗೇ ಇಲ್ಲ, ಒರಸಿ ಒಣಗಿಸಿ ಹಚ್ಚಬೇಕು. ಹೊಸ ಪ್ಯಾಡು ನಮ್ಮೂರಾಗ ಸಿಗಲಿಲ್ಲ, ಆನ್‌ಲೈನ್ ತರಸಿದ್ವಿ. ಪೇಸ್‌ಮೇಕರ್ ಇದ್ದವ್ರು, ಬಸರಿ ಹೆಣ್ಮಕ್ಕಳು ಡಾಕ್ಟರ್‌ನ ಕೇಳದ ಮುಟ್ಟಬ್ಯಾಡ್ರಿ, ಅಂಗಡಿಯಾಂವ ಇದನ್ನ ಹೇಳಲೇ ಇಲ್ಲ ನೋಡ್ರಿ.