ರೀಮ್ಯಾಪ್ ಮಾಡಿಸುವ ಮುಂಚೆ ನಿಮ್ಮ ಕಾರಿನ ಮೂಲ ಫೈಲ್ ಕೈಯಲ್ಲಿ ಇಟ್ಕೊಳ್ಳಿ

ಕಳೆದ ನವೆಂಬರ್‌ನಲ್ಲಿ ಕಲಬುರಗಿಯ ನಮ್ಮ ಮನೆಗೆ ಒಬ್ಬ ಹುಡುಗ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದ. ಸ್ಟೀರಿಂಗ್ ಕೆಳಗಿನ ಓಬಿಡಿ ಸಾಕೆಟ್‌ಗೆ, ಅಂದರೆ ಗಾಡಿಯ ಕಂಪ್ಯೂಟರ್ ಜೊತೆ ಮಾತಾಡುವ ಸಾಕೆಟ್‌ಗೆ, ಕೇಬಲ್ ಚುಚ್ಚಿದ. ನಲವತ್ತು ನಿಮಿಷದಲ್ಲಿ ನನ್ನ ಕಾರಿನ ಇಂಜಿನ್ ಸಾಫ್ಟ್‌ವೇರ್ ಬದಲಾಯಿಸಿ 16,000 ರೂಪಾಯಿ ತಗೊಂಡು ಹೋದ. ಇದಕ್ಕೇ ರೀಮ್ಯಾಪ್ ಅನ್ನುತ್ತಾರೆ. ಮುಂದಿನ ಆರು ತಿಂಗಳಲ್ಲಿ ಅದರ ಮೇಲೆ ನನಗೆ 74,000 ರೂಪಾಯಿ ಖರ್ಚು ಬಂತು. ದುಡ್ಡು ಹೋಗಲಿ. ಎಪ್ಪತ್ತು ದಾಟಿದ ಅವ್ವನನ್ನು ಮೇ ತಿಂಗಳ ಬಿಸಿಲಲ್ಲಿ ಮೂರು ತಾಸು ರಸ್ತೆ ಬದಿ ಕೂರಿಸಿದೆನಲ್ಲ, ಅದು ಇನ್ನೂ ಮನಸ್ಸಿನಿಂದ ಹೋಗಿಲ್ಲ. ರೀಮ್ಯಾಪ್ ಮಾಡಿಸಬೇಕು ಅಂತ ನೀವೂ ಯೋಚಿಸುತ್ತಿದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ.

ನನ್ನದು 2017ರ ಬಿಎಸ್-4 (ಬಿಎಸ್ ಅಂದರೆ ಸರ್ಕಾರದ ಹೊಗೆ ಮಿತಿಯ ಮಟ್ಟ) ಡೀಸೆಲ್ ಕಾರು, 1.3 ಲೀಟರ್ ಟರ್ಬೊ ಇಂಜಿನ್. ಟರ್ಬೊ ಅಂದರೆ ಹೊರಹೋಗುವ ಹೊಗೆಯ ಬಲದಿಂದ ತಿರುಗಿ ಇಂಜಿನ್‌ಗೆ ಹೆಚ್ಚು ಗಾಳಿ ತಳ್ಳುವ ಚಕ್ರ. ಕೆಲಸದ ಮೇಲೆ ವಾರಕ್ಕೆ ಎರಡು ಸಲ ಬೀದರ್‌ಗೆ ಹೋಗಿ ಬರುತ್ತೇನೆ. ಹುಮನಾಬಾದ್ ರಸ್ತೆಯಲ್ಲಿ ಕಬ್ಬಿನ ಸೀಸನ್‌ನಲ್ಲಿ ಓಡಾಡಿದವರಿಗೆ ಗೊತ್ತು. ಎರಡೆರಡು ಟ್ರಾಲಿ ಕಟ್ಟಿಕೊಂಡ ಟ್ರ್ಯಾಕ್ಟರ್ ಮುಂದೆ ಸಿಕ್ಕರೆ, ದಾಟಲು ಸಿಗುವ ಜಾಗ ಅಷ್ಟಕ್ಕಷ್ಟೇ. ನನ್ನ ಗಾಡಿಗೆ 2,000 ಆರ್‌ಪಿಎಂ ಬರುವ ತನಕ ಜೀವವೇ ಇರುತ್ತಿರಲಿಲ್ಲ. ಗೇರ್ ಇಳಿಸಿ, ಕಾಯ್ದು, ಟರ್ಬೊ ಎಳೆಯಲು ಶುರು ಮಾಡುವಷ್ಟರಲ್ಲಿ ಎದುರಿನಿಂದ ಲಾರಿ ಬಂದಿರುತ್ತಿತ್ತು.

ಆ ಹುಡುಗ ಹೇಳಿದ್ದು ಇಷ್ಟು: “ಸರ್, 90 ಬಿಎಚ್‌ಪಿ ಇದ್ದದ್ದು 115 ಆಗ್ತದ್ರಿ. ಮೈಲೇಜೂ ಎರಡು ಜಾಸ್ತಿ ಬರ್ತದ. ಬ್ಯಾಡ ಅನಿಸಿದ್ರ ಹಳೇದೇ ವಾಪಸ್ ಹಾಕಿ ಕೊಡ್ತೀನ್ರಿ.” ಆ ಕೊನೆಯ ಮಾತು ಕೇಳಿಯೇ ನಾನು ಒಪ್ಪಿದ್ದು. ಬೇಡ ಅಂದರೆ ವಾಪಸ್ ಬರಬಹುದು, ಇನ್ನೇನು ಭಯ ಅಂತ.

ಮೊದಲ ತಿಂಗಳು ಖುಷಿಯಾಗಿತ್ತು, ಸುಳ್ಳು ಹೇಳುವುದಿಲ್ಲ. 1,600 ಆರ್‌ಪಿಎಂನಲ್ಲೇ ಗಾಡಿ ಮುಂದಕ್ಕೆ ನುಗ್ಗುತ್ತಿತ್ತು. ಕಿಣ್ಣಿ ಸಡಕ್ ಹತ್ತಿರ ನಾಲ್ಕನೇ ಗೇರ್‌ನಲ್ಲೇ ಟ್ರ್ಯಾಕ್ಟರ್ ದಾಟಿದ ದಿನ, ಇದನ್ನು ಎರಡು ವರ್ಷ ಮುಂಚೆಯೇ ಮಾಡಿಸಬೇಕಿತ್ತು ಅನಿಸಿತ್ತು. ಮೀಟರ್ ಬೋರ್ಡ್‌ನಲ್ಲಿ ಮೈಲೇಜ್ 23 ತೋರಿಸುತ್ತಿತ್ತು. ಮೊದಲು 19 ದಾಟಿದ್ದೇ ಅಪರೂಪ.

ಆದರೆ ಡೀಸೆಲ್ ಖರ್ಚು ಮಾತ್ರ ಕಡಿಮೆ ಆಗಲಿಲ್ಲ. ಇದೇನಪ್ಪಾ ಅಂತ ರಿಂಗ್ ರೋಡಿನ ಒಂದೇ ಬಂಕ್‌ನಲ್ಲಿ, ಒಂದೇ ಪಂಪ್‌ನಲ್ಲಿ, ಕಟ್ ಆಗುವ ತನಕ ಟ್ಯಾಂಕ್ ತುಂಬಿಸಿ ಲೆಕ್ಕ ಹಾಕಿದೆ. 412 ಕಿಲೋಮೀಟರ್ ಓಡಿತ್ತು, ಮತ್ತೆ ತುಂಬಿಸಲು 24.6 ಲೀಟರ್ ಹಿಡಿಯಿತು. ಅಂದರೆ ಲೀಟರಿಗೆ 17 ಕೂಡ ಇಲ್ಲ. ಬೋರ್ಡ್ ಮೇಲೆ ಆಗಲೂ 23 ಅಂತಲೇ ಇತ್ತು.

ಗಾಡಿ ಯಾಕೆ ಹೀಗೆ ಸುಳ್ಳು ತೋರಿಸುತ್ತದೆ ಅಂತ ನನಗೆ ತಿಳಿದದ್ದು ಬಹಳ ತಡವಾಗಿ, ಹೈದರಾಬಾದಿನಲ್ಲಿ. ಅಲ್ಲಿ ಇದೇ ಕೆಲಸ ಸರಿಯಾಗಿ ಮಾಡುವ ಒಬ್ಬರು ನನ್ನ ಇಸಿಯು (ಇಂಜಿನ್ ನಡೆಸುವ ಕಂಪ್ಯೂಟರ್) ಓದಿ, ಮೂಲ ಫೈಲ್ ಮತ್ತು ಬದಲಾದ ಫೈಲ್ ಎರಡನ್ನೂ ಪರದೆ ಮೇಲೆ ಅಕ್ಕಪಕ್ಕ ಇಟ್ಟು ತೋರಿಸಿದರು. ಬದಲಾದ ಅಂಕಿಗಳೆಲ್ಲ ಕೆಂಪು. ಕೆಂಪು ಇದ್ದದ್ದು ಬಹುತೇಕ ಒಂದೇ ಟೇಬಲ್‌ನಲ್ಲಿ, ಅಂದರೆ ಅಂಕಿಗಳ ಒಂದೇ ಪಟ್ಟಿಯಲ್ಲಿ. ಇಂಜಿನ್‌ಗೆ ಎಷ್ಟು ಡೀಸೆಲ್ ಬೇಕು ಅಂತ ಇಸಿಯು ಒಂದು ಟೇಬಲ್ ನೋಡಿ ತೀರ್ಮಾನ ಮಾಡುತ್ತದೆ. ಅಷ್ಟು ಡೀಸೆಲ್ ಹೋಗಬೇಕಾದರೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಎಷ್ಟು ಹೊತ್ತು ತೆರೆದಿರಬೇಕು ಅನ್ನುವುದಕ್ಕೆ ಬೇರೆ ಟೇಬಲ್. ನಮ್ಮ ಹುಡುಗ ಮೊದಲನೆಯದನ್ನು ಮುಟ್ಟದೆ, ಈ ಎರಡನೆಯದನ್ನು ಸುಮ್ನೆ ಹಿಗ್ಗಿಸಿದ್ದ. ಹೀಗಾಗಿ ಇಸಿಯು ತಾನು ಮೊದಲಿನಷ್ಟೇ ಡೀಸೆಲ್ ಕೊಡುತ್ತಿದ್ದೇನೆ ಅಂದುಕೊಂಡಿತ್ತು. ಸಿಲಿಂಡರಿಗೆ ಹೋಗುತ್ತಿದ್ದುದು ಜಾಸ್ತಿ. ಮೈಲೇಜ್ ಲೆಕ್ಕ ಕೆಟ್ಟದ್ದು ಅದಕ್ಕೇ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಗಾಳಿ ಎಷ್ಟಿದೆಯೋ ಅಷ್ಟಕ್ಕೇ ಡೀಸೆಲ್ ಕೊಡು, ಹೊಗೆ ಬರಬಾರದು, ಟಾರ್ಕ್ (ಇಂಜಿನ್ ತಿರುಗಿಸುವ ಬಲ) ಇಷ್ಟು ದಾಟಬಾರದು ಅಂತ ಕಂಪನಿ ಇಟ್ಟ ಮಿತಿಗಳೆಲ್ಲ ಇದೇ ಲೆಕ್ಕದ ಮೇಲೆ ನಿಂತಿರುತ್ತವೆ. ಲೆಕ್ಕ ತಪ್ಪಿದ ಮೇಲೆ ಅವು ಇದ್ದೂ ಇಲ್ಲದ ಹಾಗೆ. ಡೀಸೆಲ್ ಇಂಜಿನ್‌ನಲ್ಲಿ ಗಾಳಿಗೆ ಮೀರಿ ಡೀಸೆಲ್ ಸುರಿದರೆ ಕಪ್ಪು ಹೊಗೆ ಬರುತ್ತದೆ, ಸೈಲೆನ್ಸರ್ ಕಡೆ ಹೋಗುವ ಗಾಳಿಯ ಬಿಸಿ ಏರುತ್ತದೆ. ಆ ಬಿಸಿಯ ದಾರಿಯಲ್ಲೇ ಟರ್ಬೊ ಕೂತಿರುತ್ತದೆ.

ಫೆಬ್ರುವರಿಯಲ್ಲಿ ಹೊಗೆ ತಪಾಸಣೆಗೆ ಹೋದೆ. ಹೊಗೆ ಎಷ್ಟು ದಟ್ಟ ಅನ್ನುವ ಅಂಕಿಗೆ ಬಿಎಸ್-4 ಡೀಸೆಲ್ ಕಾರಿನಲ್ಲಿ ಮಿತಿ 1.62. ನನ್ನದು 2.8 ಬಂತು. ತಪಾಸಣೆ ಮಾಡುವವನು ಎರಡು ಸಲ ನೋಡಿ ಸರ್ಟಿಫಿಕೇಟ್ ಕೊಡಲ್ಲ ಅಂದ. ಹೊರಗೆ ಬಂದು ಆ ಹುಡುಗನಿಗೆ ಫೋನ್ ಮಾಡಿದೆ, ಹಳೆಯದನ್ನೇ ಹಾಕಿಕೊಡು ಅಂತ. “ಸರ್, ಲ್ಯಾಪ್‌ಟಾಪ್ ಫಾರ್ಮ್ಯಾಟ್ ಆಗ್ಯದ್ರಿ. ನಿಮ್ ಫೈಲ್ ಹೋಗ್ಯದ. ಎಲ್ಲಿಂದಾದ್ರೂ ತರಿಸ್ತೀನಿ, ಒಂದ್ ವಾರ ಟೈಮ್ ಕೊಡ್ರಿ.” ಆ ವಾರ ಇನ್ನೂ ಬಂದಿಲ್ಲ. ಆಮೇಲೆ ಫೋನ್ ಎತ್ತುವುದನ್ನೂ ಬಿಟ್ಟ.

ಆವತ್ತೇ ಗಾಡಿ ನಿಲ್ಲಿಸಿ ಬೇರೆ ದಾರಿ ಹುಡುಕಬೇಕಿತ್ತು. ಕಂಪನಿ ಸರ್ವಿಸ್ ಸೆಂಟರ್‌ಗೆ ಹೇಳಲು ಹಿಂಜರಿದೆ. ಇದು ನನ್ನದೇ ತಪ್ಪು. ಮೆಲ್ಲಗೆ ಓಡಿಸಿದರೆ ಏನಾಗುತ್ತದೆ ಅಂತ ಓಡಿಸಿದೆ. ಮಾರ್ಚ್‌ನಲ್ಲಿ ಕ್ಲಚ್ ಜಾರಲು ಶುರುವಾಯಿತು. ಐದನೇ ಗೇರ್‌ನಲ್ಲಿ ಒತ್ತಿದರೆ ಆರ್‌ಪಿಎಂ ಮುಳ್ಳು ಏರುತ್ತಿತ್ತು, ಗಾಡಿಯ ವೇಗ ಅಲ್ಲೇ ಇರುತ್ತಿತ್ತು, ಸುಟ್ಟ ವಾಸನೆ ಬೇರೆ. ಕಡಿಮೆ ಆರ್‌ಪಿಎಂನಲ್ಲೇ ಅಷ್ಟು ಟಾರ್ಕ್ ಬಂದರೆ ಹಳೆ ಕ್ಲಚ್ ತಡೆಯುವುದಿಲ್ಲ. ಅದಕ್ಕೆ 17,500 ಹೋಯಿತು.

ಮೇ ತಿಂಗಳಲ್ಲಿ ಬೀದರಿನ ಅಕ್ಕನ ಮನೆಗೆ ಹೊರಟಿದ್ದೆವು. ನಾನು, ಹೆಂಡತಿ, ಮಗ, ಅವ್ವ. 43 ಡಿಗ್ರಿ ಬಿಸಿಲು, ಎಸಿ ಪೂರ್ತಿ. ಕಮಲಾಪುರ ದಾಟಿದ ಮೇಲೆ ಟರ್ಬೊದಿಂದ ಸೀಟಿ ಊದಿದ ಹಾಗೆ ಸದ್ದು ಬಂತು. ಎರಡು ನಿಮಿಷದಲ್ಲಿ ಎಳೆತ ಪೂರ್ತಿ ಹೋಯಿತು. ಕನ್ನಡಿಯಲ್ಲಿ ನೋಡಿದರೆ ಹಿಂದಿನ ರಸ್ತೆ ಕಾಣದಷ್ಟು ನೀಲಿ ಹೊಗೆ. ಬದಿಗೆ ಹಾಕಿ ಇಂಜಿನ್ ಬಂದ್ ಮಾಡಿದೆ. ಒಂದು ಬೇವಿನ ಮರ ಸಿಕ್ಕಿದ್ದೇ ಪುಣ್ಯ. ಅವ್ವನಿಗೆ ಬಿಪಿ ಇದೆ. ಇದ್ದ ಒಂದು ಬಾಟಲಿ ನೀರಲ್ಲಿ ಟವೆಲ್ ಒದ್ದೆ ಮಾಡಿ ತಲೆ ಮೇಲೆ ಹಾಕಿ ಕೂರಿಸಿದೆವು. ಕಲಬುರಗಿಯಿಂದ ಎಳೆಯುವ ಗಾಡಿ ಬರುವ ತನಕ ಮೂರು ತಾಸು.

ನಮ್ಮ ಮೆಕ್ಯಾನಿಕ್ ಚಾಚಾ ಟರ್ಬೊ ಬಿಚ್ಚಿ ನನ್ನ ಕೈಗೇ ಕೊಟ್ಟರು. “ಬೆರಳು ಹಾಕಿ ಅಳ್ಳಾಡ್ಸಿ ನೋಡ್ರಿ” ಅಂದರು. ಒಳಗಿನ ಚಕ್ರ ಕದಲಬಾರದು. ಅದು ಸಡಿಲವಾದ ಹಲ್ಲಿನ ಹಾಗೆ ಆಡುತ್ತಿತ್ತು. ಶಾಫ್ಟ್ ಮೇಲೆ ಆಯಿಲ್ ಸುಟ್ಟು ಕರಕಲಾಗಿತ್ತು, ಗಾಳಿ ಪೈಪಿನ ಒಳಗೆಲ್ಲ ಆಯಿಲ್. “ಕೂಡ್ಲೇ ಬಂದ್ ಮಾಡಿದ್ದು ಚಲೋ ಆತು. ಆ ಆಯಿಲೇ ಉರಿಲಿಕ್ಕೆ ಹತ್ತಿದ್ರ ಚಾವಿ ತೆಗೆದ್ರೂ ಇಂಜಿನ್ ನಿಲ್ತಿರ್ಲಿಲ್ಲ” ಅಂದರು. ಇದನ್ನು ಕೇಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಟರ್ಬೊಗೆ 46,000, ಎಳೆದು ತಂದದ್ದಕ್ಕೆ 4,500, ಹೈದರಾಬಾದಿನಲ್ಲಿ ಮೂಲ ಸಾಫ್ಟ್‌ವೇರ್ ಹುಡುಕಿ ಹಾಕಿಸಿದ್ದಕ್ಕೆ 6,000.

ರೀಮ್ಯಾಪ್ ಅಂದರೆ ಎಲ್ಲವೂ ಮೋಸ ಅಂತ ನಾನು ಹೇಳುತ್ತಿಲ್ಲ. ಟರ್ಬೊ ಡೀಸೆಲ್‌ನಲ್ಲಿ ಅದರ ಲಾಭ ನಿಜವಾದದ್ದು, ನಾನೇ ಅನುಭವಿಸಿದ್ದೇನೆ. ಟರ್ಬೊ ಇಲ್ಲದ ಸಣ್ಣ ಪೆಟ್ರೋಲ್ ಕಾರಿಗಾದರೆ ಸಿಗುವುದು ಬಹಳ ಕಡಿಮೆ, ಅದಕ್ಕೆ ದುಡ್ಡು ಹಾಕಬೇಡಿ. ಆದರೆ ಕಂಪನಿಯವರು ಇಂಜಿನ್‌ನಲ್ಲಿ ಉಳಿಸಿಟ್ಟ ತಾಕತ್ತು ಸುಮ್ನೆ ಬಿಟ್ಟದ್ದಲ್ಲ. ನಮ್ಮ ಬಿಸಿಲಿಗೆ, ಧೂಳು ತುಂಬಿದ ಏರ್ ಫಿಲ್ಟರ್‌ಗೆ, ತಡವಾಗಿ ಬದಲಾಯಿಸುವ ಆಯಿಲ್‌ಗೆ ಅಂತಲೇ ಉಳಿಸಿಟ್ಟದ್ದು. ಕಲಬುರಗಿಯಲ್ಲಿ ಅದನ್ನು ಪೂರ್ತಿ ಬಳಸಿಕೊಂಡರೆ ಬೇಸಿಗೆಯಲ್ಲಿ ಏನೂ ಉಳಿಯುವುದಿಲ್ಲ.

ಆದರೂ ಮಾಡಿಸುತ್ತೇನೆ ಅನ್ನುವವರು, ಇಸಿಯುವಿನಿಂದ ಓದಿದ ಮೂಲ ಫೈಲ್ ಅನ್ನು ಮೊದಲು ನಿಮ್ಮ ಪೆನ್‌ಡ್ರೈವ್‌ಗೆ ಹಾಕಿಸಿಕೊಳ್ಳಿ. ಕೊಡಲ್ಲ ಅಂದರೆ ಕೇಬಲ್ ಚುಚ್ಚಲು ಬಿಡಬೇಡಿ. ಯಾವ ಟೇಬಲ್ ಬದಲಾಯಿಸುತ್ತೀರಿ ಅಂತ ಕೇಳಿ. ಗಾಡಿ ಓಡಿಸಿ ಬೂಸ್ಟ್ (ಟರ್ಬೊ ತಳ್ಳುವ ಗಾಳಿಯ ಒತ್ತಡ), ಡೀಸೆಲ್, ಗಾಳಿಯ ಅಂಕಿ ದಾಖಲು ಮಾಡಿ ನೋಡದವನು ನಿಮ್ಮ ಗಾಡಿಗೆ ಅಂತ ಏನೂ ಮಾಡುತ್ತಿಲ್ಲ, ಬೇರೆ ಯಾರದೋ ಫೈಲ್ ತಂದು ಹಾಕುತ್ತಿದ್ದಾನೆ. ಹೊಸ ಫೈಲ್ ಇಸಿಯುವಿಗೆ ಬರೆಯುವಾಗ ಬ್ಯಾಟರಿಗೆ ಚಾರ್ಜರ್ ಹಚ್ಚಿರಬೇಕು. ಮಧ್ಯದಲ್ಲಿ ವೋಲ್ಟೇಜ್ ಬಿದ್ದರೆ ಇಸಿಯು ಸತ್ತೇ ಹೋಗಬಹುದು. ನನ್ನ ಗಾಡಿಗೆ ಚಾರ್ಜರ್ ಹಚ್ಚಿರಲಿಲ್ಲ. 2020ರ ಏಪ್ರಿಲ್ ನಂತರದ ಬಿಎಸ್-6 ಡೀಸೆಲ್ ಇದ್ದವರು ಇನ್ನೂ ಹುಷಾರಾಗಿರಿ. ಮಸಿ ಜಾಸ್ತಿಯಾದರೆ ಡಿಪಿಎಫ್, ಅಂದರೆ ಹೊಗೆಯ ಮಸಿ ಹಿಡಿಯುವ ಫಿಲ್ಟರ್, ಬೇಗ ಕಟ್ಟಿಕೊಳ್ಳುತ್ತದೆ. ಆಗ ಅದನ್ನೇ ಕಿತ್ತು ಹಾಕೋಣ ಅನ್ನುವವರು ಸಿಗುತ್ತಾರೆ, ಕೇಳಬೇಡಿ.

ವಾರಂಟಿ ಇದ್ದರೆ ಅದರ ಆಸೆ ಬಿಡಿ, ಸಾಫ್ಟ್‌ವೇರ್ ಬದಲಾದದ್ದು ಕಂಪನಿಯ ಸ್ಕ್ಯಾನರ್‌ಗೆ ಸಿಕ್ಕಿಬೀಳಬಹುದು. ವಿಮೆಯವರಿಗೆ ತಿಳಿಸದೆ ಮಾಡಿಸಿದರೆ ಅಪಘಾತವಾದಾಗ ಕ್ಲೇಮ್‌ಗೆ ತಕರಾರು ತೆಗೆಯಬಹುದು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಕೂಡ ಕಂಪನಿ ಕೊಟ್ಟ ಮೂಲ ವಿವರಕ್ಕೆ ಹೊಂದದ ಹಾಗೆ ಗಾಡಿ ಮಾರ್ಪಡಿಸಬಾರದು ಅನ್ನುತ್ತದೆ.

ಈಗ ಗಾಡಿ ಮೊದಲಿನ ಹಾಗೆ 2,000ದ ತನಕ ಮಂದವಾಗಿಯೇ ಎಳೆಯುತ್ತದೆ. ಹೊಗೆ ತಪಾಸಣೆಯಲ್ಲಿ 0.9 ಬಂತು. ಟ್ಯಾಂಕ್ ಲೆಕ್ಕದಲ್ಲಿ 19 ಸಿಗುತ್ತಿದೆ, ಬೋರ್ಡ್ ಕೂಡ ಅಷ್ಟೇ ತೋರಿಸುತ್ತದೆ. ಅವ್ವ ಮಾತ್ರ ಇನ್ನೂ ಬೀದರ್‌ಗೆ ಬಸ್ಸಲ್ಲೇ ಹೋಗುತ್ತೇನೆ ಅನ್ನುತ್ತಾಳೆ.