ತುಮಕೂರಲ್ಲಿ ಸೈಕಲ್ ಸರ್ವಿಸ್‌ಗೆ ಕೊಡೋರು ಹುಷಾರು, ಹಳೇ ಚೈನನ್ನೇ ತೊಳ್ದು ಹೊಸದು ಅಂತ ಹಾಕ್ತಾರೆ

ಎರಡು ದಿನದಿಂದ ಹೊಟ್ಟೆ ಉರೀತಿದೆ, ಅದಕ್ಕೇ ಬರೀತಿದೀನಿ. ಅಂಗಡಿ ಹೆಸ್ರು ಹಾಕಲ್ಲ, ಆದ್ರೆ ನನ್ ಥರ ಇನ್ನೊಬ್ರು ಮೋಸ ಹೋಗ್ಬಾರ್ದು.

ಭಾನುವಾರ ಬಂದ್ರೆ ದೇವರಾಯನದುರ್ಗಕ್ಕೆ ಹೋಗೋನು ನಾನು, ಮಳೆ ಇದ್ರೂ ಬಿಡಲ್ಲ. ರೋಡ್ ಮೇಲಿನ ಕೆಂಪು ನೀರೆಲ್ಲ ಚೈನ್‌ಗೇ ಎರಚುತ್ತೆ, ಎಣ್ಣೆ ತೊಳ್ದೋಗಿ ಮರಳು ಪಿನ್ ಸಂದಿಗೆ ಸೇರ್ಕೊಂಡು ಅರೀತಾ ಇರುತ್ತೆ. ನಾಮದ ಚಿಲುಮೆ ದಾಟಿ ಏರಲ್ಲಿ ಜೋರಾಗಿ ತುಳಿದ್ರೆ ಕಟ್ ಅಂತ ಚೈನ್ ಹಾರೋಕೆ ಶುರುವಾಯ್ತು, ಹಿಂದಿನ ಚಕ್ರ ತಿರುಗಿಸಿದ್ರೆ ಗರಗರ. ಅಂಗಡಿಯವ್ರು ನೋಡಿ ಚೈನು, ಫ್ರೀವೀಲು (ಹಿಂದಿನ ಚಕ್ರದಲ್ಲಿ ಚೈನ್ ಕೂರೋ ಹಲ್ಲಿನ ಚಕ್ರ), ನಾಲ್ಕು ಬ್ರೇಕ್ ರಬ್ಬರ್ರು ಹೊಸದು ಹಾಕಿ ಹಿಂದಿನ ಚಕ್ರದ ನಡುವಿನ ಹಬ್ ಬಿಚ್ಚಿ ಗ್ರೀಸ್ ಹಾಕ್ಬೇಕು ಅಂದ್ರು. ಸರಿಯಾಗೇ ಹೇಳಿದ್ರು, ಅದಕ್ಕೇ ನಂಬಿದ್ದು. 2,150 ರೂಪಾಯಿ ಸ್ಕ್ಯಾನ್ ಮಾಡಿ ಕೊಟ್ಟೆ, ಬಿಲ್ ಕೇಳಲಿಲ್ಲ.

ಮುಂದಿನ ಭಾನುವಾರ ಅದೇ ಏರು, ಅದೇ ಕಟ್. ಮನೆಗೆ ಬಂದು ಪೇಪರ್ ಹಾಸ್ಕೊಂಡು ಚೈನ್ ಒರೆಸ್ತಾ ಕೂತೆ. ಬಟ್ಟೇಲಿ ಬರೀ ಡೀಸೆಲ್ ವಾಸ್ನೆ. ಒರೆಸ್ತಾ ಒರೆಸ್ತಾ ಕಪ್ಪು ಎಣ್ಣೆ ಕೆಳಗಿಂದ ಚಿನ್ನದ ಬಣ್ಣದ ಲಿಂಕ್ ಒಂದು ಬಂತು, ಹೋದ ವರ್ಷ ನಾನೇ ತಂದು ಹಾಕಿದ್ದ ಕ್ವಿಕ್ ಲಿಂಕ್, ಚೈನ್‌ನ ಎರಡು ತುದಿ ಸೇರಿಸೋ ಕೊಂಡಿ. ಕೈ ಅಲ್ಲೇ ನಿಂತೋಯ್ತು. ಟೇಪ್ ಹಿಡಿದೆ. ಪಿನ್ನಿಂದ ಪಿನ್ನಿಗೆ ಅರ್ಧ ಇಂಚು, ಅಂದ್ರೆ 24 ಲಿಂಕ್‌ಗೆ ಕರೆಕ್ಟಾಗಿ 12 ಇಂಚ್ ಬರ್ಬೇಕು, ಸವೆದಂಗೆಲ್ಲ ಚೈನ್ ಉದ್ದ ಆಗುತ್ತೆ, 1/16 ಇಂಚ್ ಜಾಸ್ತಿ ಬಂದ್ರೇ ಚೈನ್ ಬದಲಾಯಿಸ್ಬೇಕು. ನಂದು 1/8 ಜಾಸ್ತಿ! ಇದು ಒಂದು ವಾರದ ಚೈನಾ?

ಫೋನ್ ಮಾಡಿದ್ರೆ "ಮಳೇಲಿ ಓಡ್ಸಿದ್ರಾ ಸಾರ್? ಮಳೇಲಿ ಓಡ್ಸಿದ್ರೆ ಹೊಸದೂ ಹೋಗುತ್ತೆ" ಅಂತಾರೆ. ಒಂದೇ ಒಂದು ರೈಡ್‌ಗಾ? ಅಂಗಡಿಗೇ ಹೋದೆ. ಹಳೇ ಚೈನ್ ಕೊಡಣ್ಣ ಅಂದ್ರೆ "ಗುಜರಿಗೆ ಹಾಕಾಯ್ತು". ಲಿಂಕ್ ತೋರಿಸಿದ್ರೆ "ನಿಮ್ ಲಿಂಕ್ ಚೆನ್ನಾಗಿತ್ತು ಅಂತ ಹೊಸ ಚೈನ್‌ಗೂ ಅದೇ ಹಾಕಿದೀವಿ ಸಾರ್". ಇಬ್ರು ಗಿರಾಕಿಗಳು ನಿಂತು ನೋಡ್ತಿದ್ರು, ನಂಗೆ ಬಾಯೇ ಬರ್ಲಿಲ್ಲ, ಅಷ್ಟು ಅವಮಾನ ಆಯ್ತು. ಟೇಪ್ ತೆಗೆದ್ರೆ ಆಯಪ್ಪ ಬಗ್ಗಿ ಕೂಡ ನೋಡ್ಲಿಲ್ಲ. "ಇಪ್ಪತ್ತು ವರ್ಷದಿಂದ ಇದೇ ಕೆಲ್ಸ ಮಾಡ್ತಿದೀವಿ, ನಮಗೇ ಟೇಪ್ ತೋರಿಸ್ತೀರಾ? ಬಿಲ್ ಇದ್ರೆ ತನ್ನಿ ಮಾತಾಡಣ." ಬಿಲ್ ಕೊಟ್ಟಿದ್ರೆ ತಾನೇ ತರೋದು!

ಬೇರೆ ಕಡೆ ಹಬ್ ಬಿಚ್ಚಿಸಿದೆ. ಒಳಗೆ ನೀರು ಸೇರಿ ಗ್ರೀಸೆಲ್ಲ ಹಾಲು ಹಾಕಿದ ಕಾಫಿ ಬಣ್ಣ, ಬಾಲ್ಸ್ ಎಲ್ಲ ಗುಳಿ ಬಿದ್ದಿವೆ. ಮುಟ್ಟೇ ಇಲ್ಲ ಅದನ್ನ. ಬ್ರೇಕ್ ರಬ್ಬರ್ ಹಿಂದೆ ಮಾತ್ರ ಹೊಸದು, ಮುಂದಿನವು ಹಳೇವೇ, ರಿಮ್ಮಿಂದ ಕಿತ್ತು ಬಂದಿರೋ ಅಲ್ಯೂಮಿನಿಯಂ ಚೂರು ಅದರೊಳಗೆ ಮಿಣಮಿಣ ಹೊಳೀತಿವೆ, ರಿಮ್ ಮೇಲೆ ಗೀರು ಬಿದ್ದಿದೆ. ದುಡ್ಡು ಹಾಳಾಗ್ಲಿ, ಅದೇ ಬ್ರೇಕ್ ನಂಬ್ಕೊಂಡು ನಾನು ದುರ್ಗದ ತಿರುವು ಇಳಿದಿದೀನಿ ಕಣ್ರಪ್ಪ, ಮಳೇಲಿ!

ಕೊಡೋ ಮುಂಚೆ ಫೋಟೋ ತೆಗೀರಿ, ಚೈನ್‌ಗೆ ಗುರುತು ಹಾಕಿ, ಹಳೇ ಸಾಮಾನು ಕೈಗೆ ಬರೋವರ್ಗೂ ದುಡ್ಡು ಕೊಡ್ಬೇಡಿ, ಬಿಲ್ ಬರೆಸ್ಕೊಳಿ. ಆ ಅಂಗಡೀಲಿ ನಿಜವಾಗ್ಲೂ ಹೊಸದು ಹಾಕಿದ್ದು ಫ್ರೀವೀಲು, ಎರಡು ರಬ್ಬರ್ರು ಅಷ್ಟೇ, ಆ ಫ್ರೀವೀಲ್ ಹಲ್ಲನ್ನೂ ಈ ಉದ್ದ ಆಗಿರೋ ಚೈನ್ ತಿಂತಾ ಇದೆ. ಶನಿವಾರ ಚೈನ್ ಹಾಕಿಸ್ತಿದೀನಿ, ಮೆಕ್ಯಾನಿಕ್ ಪಕ್ಕದಲ್ಲೇ ಸ್ಟೂಲ್ ಹಾಕ್ಕೊಂಡು ಕೂತು.